ಫಾದರ್ ಹೊಟ್ಟೆಯ ಸಾಕ್ಷಿ

24-9-89, ಭಾನುವಾರ

ಫಾದರ್ ವ್ಯಾಲೆಂಟೈನರ ನಿಲುವಂಗಿ ಮತ್ತೆ ನನ್ನ ಮೆಷಿನ್ ಮೇಲೆ. ಮತ್ತೆ ಬಿಗಿ. ಎರಡೂ ಪಕ್ಕ ಹೊಲಿಗೆ ಬಿಚ್ಚಿದೆ, ಇನ್ನು ಬಿಡಲು ಬಟ್ಟೆಯಿಲ್ಲ. ಹೊಟ್ಟೆ ಇಳಿಸಿ ಎಂದರೆ, ತಪ್ಪು ನಿನ್ನ ತಮ್ಮನದು ಎನ್ನುತ್ತಾರೆ.

ಅದೂ ನಿಜವೇ. ಬೊಂಬಾಯಿ ಹೋಟೆಲ್ ಬಿಟ್ಟು ಬಂದ ಸಿರಿಲ್ ಫಾದರ್ ಬಂಗಲೆಯ ಅಡುಗೆಗೆ ಸೇರಿದ ಮೇಲೆ ಈ ಕಥೆ. ಮೀನು ಸಾರಿದ್ದ ದಿನ ಮಸೀದಿಯ ಬೀರಾನ್ ಮುಸ್ಲಿಯಾರರೂ ಹಾಜರ್. ಹಳೇ ದೋಸ್ತಿ.

ಬಡಿಸುವವನು ಮಾತ್ರ ಸೊರಗುತ್ತಿದ್ದಾನೆ. ಮೇ ತಿಂಗಳಲ್ಲಿ ಮಣಿಪಾಲದ ಡಾಕ್ಟರಮ್ಮ ಹೇಳಿದ ಹೆಸರು— ಏಡ್ಸ್. ಗೊತ್ತಿರುವುದು ನನಗೆ, ಫಾದರಿಗೆ, ಮುಸ್ಲಿಯಾರರಿಗೆ. ಗೊತ್ತಿದ್ದೇ ಕೆಲಸ ಕೊಟ್ಟದ್ದು. ಆದರೆ ಊರಿಗೆ ತಿಳಿದರೆ ಅವನ ಕೈಯ ನೀರನ್ನೂ ಯಾರೂ ಮುಟ್ಟರು. ನನಗೆ ಅದೇ ಭಯ.

1-10-89, ಭಾನುವಾರ

ಪೂಜೆ ಮುಗಿದ ಮೇಲೆ ಫಾದರ್ ಘೋಷಣೆ: ಹದಿನೈದಕ್ಕೆ ಶಾಲೆಯಲ್ಲಿ ಮೀಟಿಂಗ್, ಏಡ್ಸ್ ಬಗ್ಗೆ. ಮಸೀದಿಯಲ್ಲೂ ಹೇಳುತ್ತಾರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನು ಥಟ್ಟನೆ ಸಿರಿಲ್ ಕಡೆ ತಿರುಗಿದೆ.

ಹೊರಗೆ ಬಂದರೆ ಎಲ್ಲರೂ ನನಗೆ ಶುಭಾಶಯ ಹೇಳುವುದೇ! ನಾನು ಕಲಿಸುವುದು ಏಡೆಡ್ ಶಾಲೆಯಲ್ಲಿ ಅಲ್ಲವೇ— ಸರಕಾರದಿಂದ ಏಡ್, ಅಂದರೆ ಅನುದಾನ, ಬಂತೆಂದು ಊರಿನ ಲೆಕ್ಕ. ಸಂಜೆಯೊಳಗೆ ಹೂಡೆ ಊರಿಗೆಲ್ಲ ಸುದ್ದಿ. ಅಂಗಡಿಯ ಕುಂಞಾಲಿಯವರೂ ಕರೆದು ಹೇಳಿದರು: “ಒಳ್ಳೆದಾಯಿತು ಟೀಚರ್. ಇನ್ನು ಶಾಲೆಯ ಹಂಚು ಬದಲಿಸಬಹುದು.”

ಫಾದರಿಗೆ ಹೇಳಿದೆ. ನಕ್ಕು ಸುಸ್ತಾದರು. ತಿದ್ದಬೇಡ, ರೋಗ ಅಂದರೆ ಒಂದು ನರಪಿಳ್ಳೆಯೂ ಬರಲಿಕ್ಕಿಲ್ಲ ಎಂದರು.

13-10-89

ಮೀಟಿಂಗಿನಲ್ಲಿ ಸಿರಿಲ್ ತನ್ನ ರೋಗದ ವಿಷಯ ತಾನೇ ಹೇಳುತ್ತಾನಂತೆ. ಬೇಡವೆಂದೆ. ಬೈದೆ. ಅತ್ತು ನೋಡಿದೆ. ಹಠ ನಮ್ಮ ಮನೆಯ ಪಿತ್ರಾರ್ಜಿತ.

“ಕದ್ದು ಬಡಿಸಲಿಕ್ಕೆ ನನಗೆ ಆಗುವುದಿಲ್ಲ ಅಕ್ಕ. ಗೊತ್ತಿದ್ದು ತಿನ್ನಲಿ. ಇಲ್ಲದಿದ್ದರೆ ಬಿಡಲಿ.”

15-10-89, ಸಂಜೆ

ಹಾಲ್ ಭರ್ತಿ. ಬಾಗಿಲಿಗೆ ಮಾವಿನ ತೋರಣ ಬೇರೆ. ಕುಂಞಾಲಿಯವರು ಡಾಕ್ಟರಮ್ಮನಿಗೆ ಹಾರ ಹಾಕಿ, ಸ್ಕೂಲ್ ಇನ್‌ಸ್ಪೆಕ್ಟರ್ ಮೇಡಂ ಎಂದು ಕೈ ಮುಗಿದರು. ಆಕೆ ಬೆರಗಾದರು.

ಆಮೇಲೆ ವಿಷಯ ತಿಳಿಯಿತು. ಸಂಬಂಧ, ರಕ್ತ, ಸೂಜಿ... ಹಂಚು ಎಲ್ಲರಿಗೂ ಮರೆತುಹೋಯಿತು. ಗಲ್ಫಿಗೆ ಹೋದವರು ಹೆಂಡತಿಗೆ ಕೊಟ್ಟ ಮಾತು ಉಳಿಸಿಕೊಳ್ಳಿ, ಸುನ್ನತ್ತಿಗೆ ಹುಡುಗನಿಗೊಂದು ಹೊಸ ಬ್ಲೇಡ್ ಎಂದರು ಮುಸ್ಲಿಯಾರರು. ಫಾದರ್ ಬೊಂಬಾಯಿಯಲ್ಲಿ ದುಡಿಯುವ ಗಂಡಸರಿಗೆ ಕೊಂಕಣಿಯಲ್ಲಿ ಅದನ್ನೇ ಇನ್ನೂ ಖಾರವಾಗಿ ಹೇಳಿದರು.

ಊಟದಿಂದ ಹರಡುವುದಿಲ್ಲ ಎಂದಾಗ ಕುಂಞಾಲಿಯವರು ಎದ್ದರು. “ಡಾಕ್ಟರಮ್ಮ ಹೇಳಿ ಹೋಗ್ತಾರೆ. ತಿಂದು ನೋಡಿದವರು ಯಾರುಂಟು?”

ಫಾದರ್ ಬಾಯಿ ತೆರೆದರು. ಮುಚ್ಚಿದರು. ಸಿರಿಲ್ ಚಹಾದ ತಟ್ಟೆಯನ್ನು ಮೇಜಿನ ಮೇಲಿಟ್ಟ.

“ನನಗೆ ಉಂಟು ಆ ರೋಗ. ಈ ಚಹಾ ಮಾಡಿದ್ದೂ ನಾನೇ.”

ಆಗ ಫಾದರ್ ಎದ್ದು, ಜನರಿಗೆ ಪಕ್ಕಕ್ಕೆ ತಿರುಗಿ ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟರು. “ಮೇ ತಿಂಗಳಿಂದ ಇವನು ಬಡಿಸಿದ್ದು ಪೂರಾ ಇಲ್ಲುಂಟು. ಹೊಲಿಗೆ ಬಿಚ್ಚಿ ಬಿಚ್ಚಿ ಟೀಚರಿಗೆ ಸಾಕಾಗಿದೆ.”

ಮೊದಲು ಹೆಂಗಸರ ಕಡೆಯಿಂದ ನಗು. ಮುಸ್ಲಿಯಾರರು ಒಂದು ಗ್ಲಾಸ್ ಎತ್ತಿ ಕುಡಿದು, ಸಕ್ಕರೆ ಕಮ್ಮಿ ಎಂದು ತಕರಾರು ತೆಗೆದರು. ಕೆಲವರು ಕುಡಿದರು. ಹಲವರು ಹಿಂಬಾಗಿಲಿನಿಂದ ಜಾರಿದರು— ಕುಂಞಾಲಿಯವರೂ.

19-10-89

ನಾಲ್ಕು ದಿನದಿಂದ ಮನೆಗೆ ಯಾರೂ ಬರಲಿಲ್ಲ. ಅಂಗಡಿಯಲ್ಲಿ ಕುಂಞಾಲಿಯವರು ಅಕ್ಕಿ ಕೊಟ್ಟರು, ತಲೆ ಎತ್ತಲಿಲ್ಲ. ಸಿರಿಲ್ ಮಾತ್ರ ಹಗುರಾಗಿದ್ದಾನೆ, ಈರುಳ್ಳಿ ಹೆಚ್ಚುತ್ತಾ ಹಾಡುತ್ತಾನೆ. ನನಗೆ ಸಿಟ್ಟು, ಹೆಮ್ಮೆ— ಎರಡೂ.

22-10-89, ಭಾನುವಾರ

ಕುಂಞಾಲಿಯವರು ನಮ್ಮ ಮನೆಯ ಬಾಗಿಲಲ್ಲಿ! ಕೈಯಲ್ಲಿ ಮೊಣಕೈ ಉದ್ದದ ಅಂಜಲ್ ಮೀನು. ನೆಲ ನೋಡುತ್ತಾ ಹೇಳಿದರು: “ಮುಸ್ಲಿಯಾರ್ ಉಸ್ತಾದರು ನಮ್ಮಲ್ಲಿ ಉಂಡು, ಸಿರಿಲ್‌ನ ಸಾರು ಇದಕ್ಕಿಂತ ಒಳ್ಳೆದುಂಟು ಅಂದರು. ನನ್ನ ಹೆಂಡತಿ ಖದೀಜಮ್ಮ ಸಿಟ್ಟಿನಲ್ಲಿದ್ದಾಳೆ. ಎಂತ ಅಂಥಾದ್ದು, ತಂದು ತೋರಿಸಿ ಅಂತ ಕಳಿಸಿದ್ದಾಳೆ.”

ಪಾತ್ರೆಯನ್ನೂ ತಂದಿದ್ದಾರೆ, ದೊಡ್ಡದು. ಸಾರು ಕುದಿಯುತ್ತಿದೆ. ಕುಂಞಾಲಿಯವರು ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದಾರೆ, ಒಳಗೂ ಇಲ್ಲ, ಹೊರಗೂ ಇಲ್ಲ. ನಾನು ಇಲ್ಲಿ ಮೆಷಿನ್ ಹತ್ತಿರ ಕೂತು ಗೀಚುತ್ತಾ ಓರೆಗಣ್ಣಲ್ಲಿ ನೋಡುತ್ತಿದ್ದೇನೆ. ಉಪ್ಪು ನೋಡು ಬಾ ಎಂದು ಸಿರಿಲ್ ಕರೆದ. ಕೈ ಬಿಡುವಿಲ್ಲ, ಅವರೇ ನೋಡಲಿ ಅಂದೆ.

ಸೌಟು ಮುಂದೆ ಬಂತು. ಕುಂಞಾಲಿಯವರು ನನ್ನ ಕಡೆ ನೋಡಿದರು. ಸೌಟಿನ ಕಡೆ ನೋಡಿದರು. ಅಂಗಿಯ ತೋಳು ಮೇಲೆ ಸರಿಸಿ, ಅಂಗೈ ಒಡ್ಡಿ—