ಮುಖ ಕಾಣದ ಫೋಟೋ

ಮಾರ್ಚ್ 7, ಶುಕ್ರವಾರ

ಮತ್ತೆ ಕ್ಯಾಮೆರಾ ಹಿಡಿದು ಶಹಾಡಿಗೆ, ಇವರಿಬ್ಬರ ರೂಮಿಗೆ. ವಸಂತಕ್ಕನಿಗೂ ಸಾಬವ್ವನಿಗೂ ಒಂದೇ ದಿನ ರಜೆ ಸಿಗುವುದೇ ಅಪರೂಪ. ಹೋದಾಗ ಸಾಬವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು, ವಸಂತಕ್ಕ ಬಂಗುಡೆ ಮೀನು ತೊಳೆಯುತ್ತಿದ್ದಳು. ಯಾರ ಅಡುಗೆ ಮೊದಲು ಒಲೆಗೆ ಏರಬೇಕು ಅಂತ ಜಗಳ. ಪ್ರದರ್ಶನದ ಫೋಟೋಗೆ ನನಗೆ ಬೇಕಿದ್ದದ್ದು ಇದೇ. ಬಾವುಟ ಬೇಡ, ಮೆರವಣಿಗೆ ಬೇಡ. ನಮ್ಮಂಥ ಲೆಸ್ಬಿಯನ್ ಹೆಂಗಸರ ಬರೀ ದಿನನಿತ್ಯದ ಮನೆ.

"ಮುಖ ಮಾತ್ರ ಬರ್ಬಾರ್ದು ಮತ್ತೆ," ವಸಂತಕ್ಕ ಅಂದಳು. "ನಾಳೆ ನಿಮ್ಮಪ್ಪನ ಹೋಟ್ಲಿಗೆ ಇದೇ ಮುಖ ತಗೊಂಡು ಹೋಗ್ಬೇಕಲ್ಲ."

"ನಂದ್ ಬೇಕಾದ್ರ ತಗೀರಿ," ಸಾಬವ್ವ. "ಫ್ಯಾಕ್ಟರ್ಯಾಗ ದಿನಾ ಮಾಸ್ಕ್. ನನ್ನ ಮಾರಿ ಯಾರ್ ನೋಡ್ಯಾರ?"

ವಸಂತಕ್ಕ ಡೊಂಬಿವಲಿಯಲ್ಲಿ ಅಪ್ಪನ ಹೋಟೆಲಿನ ಅಡುಗೆಮನೆಯಲ್ಲಿದ್ದಾಳೆ. ವಾಶಿಯಲ್ಲಿ ಸೇರುವ ನಮ್ಮಂಥ ಹೆಂಗಸರ ಗುಂಪಿನಲ್ಲಿ ಮೊದಲ ಸಲ ಎದುರಾದಾಗ ಇಬ್ಬರೂ ಗುರುತೇ ಇಲ್ಲದವರ ಹಾಗೆ ಟೀ ಕುಡಿದಿದ್ದೆವು. ಅಪ್ಪನಿಗೆ ಅವಳದೂ ಗೊತ್ತಿಲ್ಲ, ನನ್ನದೂ ಗೊತ್ತಿಲ್ಲ. ನನ್ನ ಜೊತೆ ಬಾಳುವ ಪ್ರಣೀತಾ ಬರೀ ರೂಮ್‌ಮೇಟ್ ಅಂತಲೇ ಅವರು ತಿಳಿದಿದ್ದಾರೆ.

ಮಾರ್ಚ್ 11

ಪ್ರದರ್ಶನಕ್ಕೆ ಒಂದು ಫೋಟೋ ಆರಿಸಿದೆ. ವಸಂತಕ್ಕನ ಕೈ ಸಾಬವ್ವನ ತಲೆಗೆ ಎಣ್ಣೆ ಹಚ್ಚುತ್ತಿದೆ. ಸಾಬವ್ವನ ಬೆನ್ನು, ಬಿಚ್ಚಿದ ಕೂದಲು, ಅಷ್ಟೇ. ದೊಡ್ಡದು ಮಾಡಿ ಮಾಡಿ ನೋಡಿದೆ. ಕನ್ನಡಿಯಲ್ಲಿ ಮುಖ ಇಲ್ಲ. ಸ್ಟೀಲ್ ಡಬ್ಬಿಯ ಹೊಳಪಿನಲ್ಲೂ ಇಲ್ಲ. ಕಿಟಕಿಯಾಚೆ ಅಂಗಡಿ ಬೋರ್ಡ್ ಇಲ್ಲ.

"ಬಸ್ ಕರ್, ಸಾಕು ಮಾಡು," ಪ್ರಣೀತಾ ನಕ್ಕಳು. "ಪೊಲೀಸರೂ ಇಷ್ಟು ಹುಡುಕಲ್ಲ."

ನನ್ನ ಫೋಟೋದಿಂದ ಇನ್ನೊಬ್ಬರ ಅನ್ನಕ್ಕೆ ಕಲ್ಲು ಬೀಳಬಾರದು. ಅದೇ ಹೆದರಿಕೆ. ವಸಂತಕ್ಕನಿಗೂ ಕಳಿಸಿದೆ. "ಚಂದ ಉಂಟು, ಹಾಕಿ" ಅಂತ ವಾಯ್ಸ್ ಮೆಸೇಜ್ ಬಂತು. ನಿದ್ದೆ ಬರಬಹುದು ಇನ್ನು.

ಮಾರ್ಚ್ 20, ಮಧ್ಯಾಹ್ನ

ಥಾಣೆ ಊರಿನಲ್ಲಿ ಈ ಫೋಟೋ ಪ್ರದರ್ಶನ ನಡೆಸುತ್ತಿರುವ ಅಮೂಲ್ಯಾ ಇನ್‌ಸ್ಟಾದಲ್ಲಿ ಪೋಸ್ಟರ್ ಬಿಟ್ಟಳು. ನನ್ನದೇ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ 'ಲೆಸ್ಬಿಯನ್ ಮನೆಗಳು'. ಹಿಗ್ಗಿ ಹೀರೇಕಾಯಿಯಾಗಿ ಪ್ರಣೀತಾಗೆ ತೋರಿಸಿದೆ. ಅವಳು ಅದನ್ನು ನೋಡಿದಳು. ಆಮೇಲೆ ನಮ್ಮ ಅಡುಗೆಮನೆಯ ಗೋಡೆ ನೋಡಿದಳು.

ಕ್ಯಾಲೆಂಡರ್.

ಅಪ್ಪನ ಹೋಟೆಲಿನದು. ಮೇಲೆ ದೇವಿ, ಕೆಳಗೆ ಹೋಟೆಲಿನ ಹೆಸರು, ಡೊಂಬಿವಲಿ ಪೂರ್ವ. ಪ್ರತಿ ವರ್ಷ ಕೆಲಸದವರಿಗೆ, ನೆಂಟರಿಗೆ ಹಂಚುತ್ತಾರೆ. ನಮ್ಮ ಗೋಡೆಯಲ್ಲೂ ಇದೆ, ಶಹಾಡಿನ ಗೋಡೆಯಲ್ಲೂ ಇದೆ, ಫೋಟೋದಲ್ಲೂ ಇದೆ. ಹುಟ್ಟಿದಾಗಿನಿಂದ ಕಣ್ಣೆದುರು ನೇತಾಡಿದ್ದು, ಕಣ್ಣಿಗೇ ಬೀಳಲಿಲ್ಲ. ಎಂಥ ಕತ್ತೆ ನಾನು. ಒಂದು ಇಂಚು ಕ್ರಾಪ್ ಮಾಡಿದ್ದರೆ ಸಾಕಿತ್ತು.

ಅಮೂಲ್ಯಾಗೆ ಫೋನ್ ಮಾಡಿದೆ. ತಕ್ಷಣ ಪೋಸ್ಟರ್ ಅಳಿಸಿದಳು. ಆದರೆ ಅಷ್ಟರಲ್ಲಿ ಎಷ್ಟು ಜನ...

ಅದೇ ದಿನ, ಸಂಜೆ

ಊರಿನವರ ವಾಟ್ಸ್ಯಾಪ್ ಗ್ರೂಪಿಗೂ ಬಂದಿದೆ. ಹಾಕಿದ್ದು ಕಿಟ್ಟಣ್ಣ, ಅಪ್ಪನ ಹಾಗೇ ಹೋಟೆಲ್ ಇಟ್ಟವರು. ಅಪ್ಪನ ಹೆಸರು ಹಿಡಿದೇ ಬರೆದಿದ್ದಾರೆ: "ಲೀಲಾಧರಣ್ಣ, ನಿಮ್ಮ ಕ್ಯಾಲೆಂಡರ್ ಎಲ್ಲೆಲ್ಲ ಹೋಗ್ತದೆ ಮಾರಾಯ್ರೆ." ಕೆಳಗೆ ಹಲ್ಲು ಕಿರಿಯುವ ಇಮೋಜಿಗಳು. ಅಪ್ಪ ನೋಡಿದ್ದಾರೆ.

ಕೆಲಸದವರಲ್ಲಿ ಯಾರದು ಈ ಮನೆ ಅಂತ ವಿಚಾರಿಸಿದರೆ? ವಸಂತಕ್ಕನ ಕೆಲಸ ಹೋಗುತ್ತದೆ. ಮಾತು ಹಬ್ಬಿದರೆ ರೂಮೂ ಹೋಗುತ್ತದೆ. ಅವಳು ಫೋನ್ ಎತ್ತುತ್ತಿಲ್ಲ... ಕೈಯಲ್ಲಿ ಕೆಲಸ ಇರಬೇಕು. ಹಾಗೆಂದುಕೊಳ್ಳುತ್ತೇನೆ. ಪ್ರಣೀತಾ ಮಾಡಿಟ್ಟ ಚಹಾ ಹಾಗೇ ಇದೆ.

ಮಾರ್ಚ್ 21, ಬೆಳಿಗ್ಗೆ

ಅಪ್ಪನ ಫೋನ್. ನನ್ನ ಹತ್ತಿರ ಯಾವಾಗಲೂ ತುಳು. ಇವತ್ತು ಕನ್ನಡ. ಕೂತಿದ್ದವಳು ಎದ್ದು ನಿಂತೆ.

"ಆ ಫೋಟೋ ತೆಗ್ದದ್ದು ನೀನಾ?"

"ಹೌದಪ್ಪ."

"ಆ ಮನೆ..."

ಮುಗಿಸಲು ಬಿಡಲಿಲ್ಲ. ಅವರು ಘಣಸೋಲಿಯ ನಮ್ಮ ಮನೆಗೆ ಒಮ್ಮೆಯೂ ಬಂದವರಲ್ಲ, ನಂಬುತ್ತಾರೆ, ವಸಂತಕ್ಕ ಉಳಿಯುತ್ತಾಳೆ ಅನ್ನಿಸಿತು. "ನಮ್ಮನೆ ಅಪ್ಪ. ಆ ಕೈ ಪ್ರಣೀತಾಳದ್ದು, ಕೂದಲು ನಂದು, ಟೈಮರ್ ಇಟ್ಟು ತೆಗ್ದದ್ದು. ಅವಳು ರೂಮ್‌ಮೇಟ್ ಅಲ್ಲ. ನಾವಿಬ್ರೂ ಸಂಸಾರ ಮಾಡ್ತಿದ್ದೇವೆ. ಪೋಸ್ಟರಲ್ಲಿ ಬರ್ದದ್ದು ನಮ್ಮ ಬಗ್ಗೆಯೇ." ಒಂದೇ ಉಸಿರಿಗೆ ಹೇಳಿಬಿಟ್ಟೆ. ಪ್ರಣೀತಾ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದಳು.

ಅಪ್ಪ ದನಿ ತಗ್ಗಿಸಿದರು.

"ಆ ಕೈ ವಸಂತಿದು, ಮಗಾ. ಕುದಿಯುವ ಸಾಂಬಾರ್ ಬಿದ್ದಾಗ ಡಾಕ್ಟ್ರಲ್ಲಿಗೆ ಕರ್ಕೊಂಡು ಹೋದವ ನಾನು. ಆ ಕಲೆ ನಂಗೆ ಗೊತ್ತಾಗುದಿಲ್ವಾ? ಅವ್ರಿಬ್ಬರ ವಿಷಯ ನಂಗೆ ಮೊದ್ಲೇ ಗೊತ್ತುಂಟು. ಕಿಟ್ಟಣ್ಣ ಕೇಳಿದ್ರೆ ಏನು ಹೇಳುದು ಅಂತ ನಿನ್ನತ್ರ ಕೇಳುವಾ ಅಂತ ಫೋನ್ ಮಾಡಿದೆ."

ಹಿಂದೆ ಹೋಟೆಲಿನ ಗದ್ದಲ. ಯಾರೋ ಎರಡು ಇಡ್ಲಿ ಅಂತ ಕೂಗುತ್ತಿದ್ದರು.

"ನಿನ್ನದು ಗೊತ್ತಿರ್ಲಿಲ್ಲ," ಅಂದರು.

ಫೋನ್ ಇಡಲಿಲ್ಲ ಅವರು. ನಾನೂ ಇಡಲಿಲ್ಲ. ಅಪ್ಪಾ ಅಂದೆ. ಅವರು ತುಳುವಿನಲ್ಲಿ ಕೇಳಿದರು, ಪ್ರಣೀತಾಳದ್ದು ತಿಂಡಿ ಆಯ್ತಾ ಅಂತ.