ಗೆರಟೆಯಲ್ಲಿಟ್ಟ ವಾಷರ್

ಹಂಗಾರಕಟ್ಟೆ
೮ ಜುಲೈ ೨೦೧೦, ಗುರುವಾರ

ಪ್ರೀತಿಯ ತಮ್ಮ ಯತೀಶ,

ಹೇಗಿದ್ದೀಯ ಅಂತ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ರತ್ನಾಗಿರಿಯಲ್ಲಿ ನಿನ್ನ ಜೊತೆ ಒಂದೇ ಬೋಟಿನಲ್ಲಿ ದುಡಿಯುವ ಯಡ್ತರೆಯ ಕಿಟ್ಟ ಮಳೆಗಾಲಕ್ಕೆ ಊರಿಗೆ ಬಂದವನು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದ. ನಿನಗೆ ಕೆಮ್ಮು ಬಿಟ್ಟಿಲ್ಲವಂತೆ, ಗಡ್ಡ ಅರ್ಧ ಬೆಳ್ಳಗಾಗಿದೆಯಂತೆ. ಮೂವತ್ತೆರಡನೇ ವಯಸ್ಸಿಗೆ ಯಾರಾದರೂ ಗಡ್ಡ ಬೆಳ್ಳಗೆ ಮಾಡಿಕೊಳ್ಳುತ್ತಾರೆಯೇ ಮಾರಾಯ? ನಿನಗಿಂತ ಎಂಟು ವರ್ಷ ದೊಡ್ಡವನು ನಾನು, ನನ್ನದಿನ್ನೂ ಕಪ್ಪಗಿದೆ. ಕಾಳುಮೆಣಸು, ಶುಂಠಿ ಜಜ್ಜಿ ಕಷಾಯ ಮಾಡಿ ಕುಡಿ, ಐಸಿನ ಪೆಟ್ಟಿಗೆಯ ಪಕ್ಕ ಮಲಗಬೇಡ. ಅಣ್ಣನಿಗೆ ಫೋನ್ ನಂಬರ್ ಕೊಡಬಾರದು ಅಂತ ಅವನಿಗೆ ಆಣೆ ಹಾಕಿದ್ದೀಯಂತೆ. ವಿಳಾಸದ ಮೇಲೆ ಆಣೆ ಹಾಕಲು ಮರೆತಿದ್ದೀ, ಹಾಗಾಗಿ ಈ ಕಾಗದ.

ಇಲ್ಲಿ ನಾವೆಲ್ಲ ಇದ್ದೇವೆ. ಬೋಟುಗಳೆಲ್ಲ ದಡ ಹತ್ತಿವೆ. ನಿನ್ನ ಅತ್ತಿಗೆ ವನಜಳಿಗೆ ಮಂಡಿನೋವು, ಆದರೂ ಬುಟ್ಟಿ ಹೊತ್ತು ಬ್ರಹ್ಮಾವರದ ಬಸ್ಸು ಹತ್ತುವುದು ಬಿಟ್ಟಿಲ್ಲ. ನವ್ಯಾ ಐದನೇ ಕ್ಲಾಸು. ನೀನು ಹೋಗುವಾಗ ಮೂರು ವರ್ಷದವಳು, ಈಗ ನಿನ್ನ ಫೋಟೋ ನೋಡಿ ಇವರು ಯಾಕೆ ಬರುವುದಿಲ್ಲ ಅಂತ ನನ್ನನ್ನೇ ಕೇಳುತ್ತಾಳೆ. ನಾನು ಹೊರಗೆ ಹೋಗಿ ಬೀಡಿ ಹಚ್ಚುತ್ತೇನೆ. ಹೊಳೆಮೀನು ತಿನ್ನದೆ ನಾಲಿಗೆ ಕೆಟ್ಟುಹೋಗಿದೆ ಅಂತ ನವ್ಯಾಳದೊಂದು ರಾಗ. ಬೀಸುಬಲೆ ಏನೋ ಇದೆ, ಅಮ್ಮ ಹೋದ ಮೇಲೆ ಅದನ್ನು ಅಟ್ಟದಿಂದ ಇಳಿಸಲು ನನಗೆ ಕೈ ಬಂದಿಲ್ಲ. ನಾಳೆ ಇಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಕಿಟ್ಟ ಹೊರಡುವಾಗ ಅಂಗಳದಲ್ಲಿ ನಿಂತು ಹೇಳಿದ, ಊರಿನ ಬಗ್ಗೆ ನೀನು ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಕೇಳಿದ್ದಂತೆ. ಅದೂ ನನ್ನ ಬಗ್ಗೆ ಅಲ್ಲ. "ನಮ್ಮನಿ ಬುಲೆಟ್ ಇತ್ತಾ, ಗುಜ್ರಿಗ್ ಹಾಕಿರಾ?" ಅಂತ. ಅದನ್ನು ಕೇಳಿ ನನಗೆ ಎರಡು ದಿನ ಊಟ ಸೇರಲಿಲ್ಲ. ಇದೆ ಮಾರಾಯ. ನೀವು ಬಿದ್ದ ಜಾಗದಿಂದ ಅವತ್ತು ಟೆಂಪೋದಲ್ಲಿ ತಂದು ಹಾಕಿದ ಹಾಗೆಯೇ ದನದ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲಿನ ಅಡಿಗಿತ್ತು. ಏಳು ವರ್ಷ ನಾನು ಅದರ ಮುಖ ನೋಡಿರಲಿಲ್ಲ. ನಿನ್ನ ಮೇಲಿನ ಸಿಟ್ಟನ್ನು ಗಾಡಿಯ ಮೇಲೂ ಇಟ್ಟುಕೊಂಡಿದ್ದೆ. ಕಿಟ್ಟ ಹೋದ ಮೇಲೆ ಟಾರ್ಪಾಲು ಎಳೆದು ಹಾಕಿ, ಗಾಡಿಯನ್ನು ಜಗಲಿಯ ಚಿಟ್ಟೆಯ ಹತ್ತಿರ ತಂದು, ನೀನು ಬಂದರೆ ಓಡಿಸಲು ಒಂದು ಗಾಡಿ ಇರಲಿ ಅಂತ ಕೈ ಹಾಕಿದೆ.

ಎಡಗಡೆಯ ಮುಚ್ಚಳ ಬಿಚ್ಚಿದರೆ ಒಳಗೆ ಎಣ್ಣೆಯೆಲ್ಲ ಡಾಂಬರು. ಇಂಜಿನಿನಿಂದ ಕ್ಲಚ್ಚಿಗೆ ಸುತ್ತುವ ಒಳಚೈನು ತುಂಡಾಗಿ, ಮುದ್ದೆಯಾಗಿ, ಹಲ್ಲುಚಕ್ರಕ್ಕೂ ಪೆಟ್ಟಿಗೆಯ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಉಳಿ ಹಾಕಿ ಬಡಿದು ತೆಗೆಯಬೇಕಾಯಿತು. ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತೆ. ಬ್ರಹ್ಮಾವರದ ಆಸ್ಪತ್ರೆಯ ಬಾಗಿಲಲ್ಲಿ ನೀನು ನನ್ನ ಕಾಲು ಹಿಡಿದು ಹೇಳಿದ್ದು ಅದನ್ನೇ ಅಲ್ಲವೇ? "ನಾನ್ ಜೋರ್ ಬಿಟ್ಟದ್ದಲ್ಲ ಅಣ್ಣ, ಚಕ್ರವೇ ಹಿಡ್ಕಂತ್." ನಾನು ನಂಬಲಿಲ್ಲ. ಹೊಸ ಚೈನು ಹಾಕಿದ್ದೇ ತಡ ಅಮ್ಮನನ್ನು ಕೂರಿಸಿಕೊಂಡು ಕೋಟೇಶ್ವರದ ಚಿಕ್ಕಮ್ಮನ ಮನೆಗೆ ಹಾರಿಸಿಕೊಂಡು ಹೋದ ಅಂತಲೇ ಎಲ್ಲರೆದುರು ಹೇಳಿದೆ. ಅಮ್ಮನನ್ನು ಅಂಗಳದಲ್ಲಿ ಮಲಗಿಸಿದಾಗ ನೀನು ತುಳಸಿನೀರು ಹಿಡಿದು ಬಂದೆ. "ಅಮ್ಮನ್ ಕೊಂದವ ಅಮ್ಮನ ಬಾಯಿಗ್ ನೀರ್ ಹಾಕೂದ್ ಬ್ಯಾಡ" ಅಂತ ನಾನು ನಿನ್ನ ಕೈ ತಟ್ಟಿಬಿಟ್ಟೆ. ನೀರು ನೆಲಕ್ಕೆ ಬಿತ್ತು. ಆ ರಾತ್ರಿಯೇ ನೀನು ಹೊರಟುಹೋದೆ. ನಾನು ತಡೆಯಲಿಲ್ಲ. ಚಕ್ರ ಹಿಡಿದದ್ದು ನಿಜ ಯತೀಶ.

ಆದರೆ ಒಂದು ಮಾತು ಕೇಳಲೇಬೇಕು. ಕ್ಲಚ್ಚಿನ ನಡುವಿನ ದೊಡ್ಡ ನಟ್ಟು ತಾನಾಗಿ ಬಿಚ್ಚಿಕೊಂಡು ಹೊರಗೆ ಬಂದಿತ್ತು. ಅದರಿಂದಲೇ ಚೈನು ಓರೆಯಾಗಿ ತುಂಡಾದದ್ದು. ನಟ್ಟು ಬಿಚ್ಚದ ಹಾಗೆ ಅದರಡಿ ಕಿವಿ ಇರುವ ವಾಷರ್ ಹಾಕಿ, ಆ ಕಿವಿಯನ್ನು ನಟ್ಟಿನ ಮೇಲೆ ಮಡಚಬೇಕು. ಆ ವಾಷರೇ ಒಳಗಿಲ್ಲ. ಎಣ್ಣೆಯನ್ನು ಹಳೇ ಪಂಚೆಯಲ್ಲಿ ಸೋಸಿದೆ, ಚೂರೂ ಸಿಗಲಿಲ್ಲ. ಅವತ್ತು ಚೈನು, ಹಲ್ಲುಚಕ್ರ ಎಲ್ಲ ಹೊಸದು ಹಾಕಿದ್ದು ನಾನೇ, ಇದೇ ಚಿಟ್ಟೆಯ ಮೇಲೆ. ಮೆಕ್ಯಾನಿಕ್ ಯಾಕೆ, ನನಗೆ ಬಾರದ್ದು ಅವನಿಗೆ ಏನು ಬರುತ್ತದೆ ಅಂತ ನಿನ್ನನ್ನು ಗದರಿಸಿದ್ದು ನೆನಪಿದೆ. ಬಿಚ್ಚಿದ್ದನ್ನೆಲ್ಲ ಸಾಲಾಗಿ ತೆಂಗಿನ ಗೆರಟೆಗಳಲ್ಲಿ ಇಟ್ಟಿದ್ದೆ, ಹೊಸ ವಾಷರಿಗೇ ಒಂದು ಗೆರಟೆ. ಪಕ್ಕದಲ್ಲಿ ಅಮ್ಮ ಬೀಸುಬಲೆಯ ಅಂಚು ಸರಿಮಾಡುತ್ತ ಕೂತಿದ್ದಳು. ಬಲೆ ಮುಳುಗಲು ಅಂಚಿಗೆ ಕಟ್ಟುವ ಸೀಸದ ಗುಂಡು ಕಡಿಮೆ ಬಿತ್ತು ಅಂದಳು. ಹಳೇ ನಟ್ಟು, ತುಕ್ಕು ವಾಷರು ಸಿಕ್ಕಿದ್ದನ್ನೆಲ್ಲ ಬಲೆಗೆ ನಾನೇ ಕಟ್ಟಿಕೊಟ್ಟೆ, ಅವಳಿಗೆ ಕಣ್ಣು ಮಂಜಲ್ಲವೇ. ನನ್ನ ಎಡಗೈ ಗಂಟು ನೋಡಿ ನಕ್ಕಳು. "ಹ್ವಾಯ್ ಸುಬ್ಬ, ಊರೆಲ್ಲ ಎರ್ಡ್ ಸುತ್ತ್ ಹಾಕಿರೆ ನಿಂದ್ ಮೂರ್ ಸುತ್ತ್, ಅದೂ ತಿರ್ಗಾಮುರ್ಗಾ. ಇದ್ನ ಬಿಚ್ಚುಕೆ ಕತ್ತಿಯೇ ಬೇಕ್" ಅಂದಳು. ಅಷ್ಟು ಚೆನ್ನಾಗಿ ನೆನಪಿರುವವನಿಗೆ ವಾಷರ್ ಹಾಕಿದ್ದು ನೆನಪಿರುವುದಿಲ್ಲವೇ? ಹಾಕಿದ್ದೇನೆ. ಅದಾದ ವಾರಕ್ಕೆ ಕ್ಲಚ್ಚು ಜಾರುತ್ತದೆ ಅಂತ ನೀನು ಗೊಣಗುತ್ತಿದ್ದೆ. ನಾನು ಪೇಟೆಗೆ ಹೋದಾಗ ನೀನೇ ಮುಚ್ಚಳ ಬಿಚ್ಚಿ, ತಿರುಗಿ ಜೋಡಿಸುವಾಗ ವಾಷರ್ ಬಿಟ್ಟೆಯಾ? ಬೈಗುಳಕ್ಕೆ ಹೆದರಿ ಹೇಳಲಿಲ್ಲವಾ? ಹೌದಾದರೆ ಹೌದು ಅನ್ನು. ಏಳು ವರ್ಷ ಆಯಿತು, ನಾನು ನಿನ್ನನ್ನು ಕ್ಷಮಿಸಿದ್ದೇನೆ. ಮನಸಾರೆ ಕ್ಷಮಿಸಿದ್ದೇನೆ.

ಕುಂದಾಪುರದಿಂದ ಹೊಸ ಚೈನು, ಎರಡೂ ಹಲ್ಲುಚಕ್ರ, ಕ್ಲಚ್ಚಿನ ಪ್ಲೇಟು, ವಾಷರು ತಂದು ಹಾಕಿದ್ದೇನೆ. ಈ ಸಲ ಕಿವಿ ಮಡಚಿ ವನಜಳನ್ನು ಕರೆದು ತೋರಿಸಿದೆ, ಇವನಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದಳು. ಮೊನ್ನೆ ಗಾಡಿ ಸ್ಟಾರ್ಟ್ ಆಯಿತು. ಆ ಶಬ್ದಕ್ಕೆ ನವ್ಯಾ ಕುಣಿದಳು, ನಾನು ಬಾವಿಕಟ್ಟೆಯ ಹಿಂದೆ ಹೋಗಿ ಅತ್ತೆ. ಅಮ್ಮನಿಲ್ಲದ ಮನೆ, ನೀನೂ ಇಲ್ಲದ ಮನೆ, ಇದರಲ್ಲಿ ಗಾಡಿ ಇದ್ದು ಏನು ಮಾಡುವುದು? ಸೋಣೆ ತಿಂಗಳಲ್ಲಿ ಹಿರಿಯರಿಗೆ ಬಡಿಸುವ ದಿನ ಬಾ. ಅಮ್ಮನ ಎಲೆಗೆ ಈ ಸಲ ನೀನು ನೀರು ಬಿಡು.

ಮೈ ಕಡೆ ನೋಡಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ವನಜ ಅನ್ನಕ್ಕೆ ಇಡುವಾಗ ನಿನ್ನ ಪಾಲಿನ ಹಿಡಿ ಅಕ್ಕಿ ಇನ್ನೂ ಹಾಕುತ್ತಾಳೆ ಅಂತ ತಿಳಿಸಲು ಹೇಳಿದ್ದಾಳೆ. ಬಪ್ಪನಾಡಿನ ತಾಯಿ ನಿನ್ನ ಬೆನ್ನಿಗಿರಲಿ.

ನಿನ್ನ ಅಣ್ಣ,
ಸುಬ್ಬ

ಮರೆತ ಮಾತು — ಶುಕ್ರವಾರ ಬೆಳಿಗ್ಗೆ. ಕವರು ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಹೊಳೆಯ ದಡದಲ್ಲಿ ಕೂತು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಮಾತು ಕೊಟ್ಟ ಹಾಗೆ ಬಲೆ ಇಳಿಸಿ ತಂದೆ. ಬೀಸುವ ಮೊದಲು ಅಂಚಿನ ಗುಂಡುಗಳನ್ನು ಬೆರಳಲ್ಲಿ ಎಣಿಸುತ್ತ ಬಂದೆ. ತುಕ್ಕು ನಟ್ಟುಗಳ ನಡುವೆ ಒಂದು ಮಾತ್ರ ಬಿಳಿ ಇತ್ತು. ಕಿವಿ ಇರುವ ವಾಷರ್. ಕಿವಿ ನೆಟ್ಟಗೆ ಇದೆ ಯತೀಶ, ಮಡಚಿದ ಗುರುತೇ ಇಲ್ಲ. ಅದು ಒಂದು ದಿನವೂ ಗಾಡಿಯೊಳಗೆ ಹೋಗಿಲ್ಲ. ಅಮ್ಮನ ಜೊತೆ ನಗುತ್ತ ಪಕ್ಕದ ಗೆರಟೆಗೆ ಕೈ ಹಾಕಿದವನು ನಾನು. ನೀನು ಏನನ್ನೂ ಬಿಚ್ಚಿಲ್ಲ, ಏನನ್ನೂ ಮರೆತಿಲ್ಲ. ಅಮ್ಮನ ಬಾಯಿಗೆ ನೀರು ಹಾಕಬಾರದವನು ಹಾಕಿದ, ಹಾಕಬೇಕಾದವನ ಕೈ ತಟ್ಟಿದ. ಮೇಲೆ ಕ್ಷಮಿಸಿದ್ದೇನೆ ಅಂತ ಬರೆದದ್ದನ್ನು ಹೊಡೆದು ಹಾಕಲು ಹೋದೆ, ಬಿಟ್ಟೆ. ನಾನು ಎಂಥವನು ಅಂತ ನೀನು ಓದಬೇಕು. ಬಾ ಅನ್ನಲು ಈಗ ನನಗೆ ಬಾಯಿಲ್ಲ. ವನಜಳಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ವಾಷರನ್ನು ಈ ಕವರಿನಲ್ಲೇ ಇಟ್ಟಿದ್ದೇನೆ. ಬಿಚ್ಚಲಿಲ್ಲ, ದಾರ ಸಮೇತ ಕತ್ತಿಯಲ್ಲಿ ಕೊಯ್ದು ತೆಗೆದೆ. ಸುತ್ತು ಎಣಿಸಿ ನೋಡು, ಮೂರಿದೆ.