ಮೇಷ್ಟ್ರ ತೊಟ್ಟಿಗೆ ನೀರು ಓಡಿಸಿದ್ದು

ಮನೆಯಿಂದ, ಮೀನಿನ ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂತು
ತಾರೀಖು ಹದಿನಾಲ್ಕು, ಮಂಗಳವಾರ

ಪ್ರೀತಿಯ ಗುಬ್ಬೀ,

ಈ ಭೂಮಿಯ ಮೇಲೆ ನೀರಿನ ಗುಟ್ಟು ಬಲ್ಲವರು ಇಬ್ಬರೇ. ಒಂದು ಸಮುದ್ರ, ಇನ್ನೊಂದು ನಿನ್ನ ಚಿಕ್ಕಪ್ಪ. ಏಳನೇ ತರಗತಿಗೆ ನಾನು ಶಾಲೆ ಬಿಟ್ಟದ್ದೂ ಅದಕ್ಕೇ. ನನಗೆ ಕಲಿಸಲು ಅವರ ಬಳಿ ಇನ್ನೇನೂ ಉಳಿದಿರಲಿಲ್ಲ. ಇರಲಿ, ನೀನು ಹೇಗಿದ್ದೀಯ? ಕೆಮ್ಮು ಹೋಯಿತೇ? ನರ್ಸಿಂಗ್ ಹಾಸ್ಟೆಲಿನಲ್ಲಿ ಫೋನು ಕಿತ್ತಿಟ್ಟುಕೊಳ್ಳುತ್ತಾರೆಂದು ನಿನ್ನಪ್ಪ ಹೇಳಿದ, ಅದಕ್ಕೇ ಈ ಕಾಗದ. ನನ್ನ ಆರೋಗ್ಯ ಕೇಳಬೇಡ. ಮೈಯೆಲ್ಲ ಉರಿಯುತ್ತಿದೆ, ಜ್ವರದಿಂದಲ್ಲ. ಪೂರ್ತಿ ಓದು, ನಡುವೆ ಅಳಬೇಡ.

ಪಾಠ ಹೇಳುವಂತೆ ಬಾಯಾಡಿಸುತ್ತದೆಂದು ಆ ಮುದಿ ಹೊಂಬಣ್ಣದ ಮೀನಿಗೆ ನೀನೇ ಮೇಷ್ಟ್ರು ಎಂದು ಹೆಸರಿಟ್ಟೆಯಲ್ಲ, ಆ ಮಹಾನುಭಾವರು ಹೋದ ತಿಂಗಳು ನೀರಿನ ಮೇಲಕ್ಕೆ ಬಂದು ಗಾಳಿ ನುಂಗತೊಡಗಿದರು. ನೋಡಿದರೆ ಫಿಲ್ಟರಿನಿಂದ ತೊಟ್ಟಿಗೆ ವಾಪಸು ಬೀಳುವ ನೀರು, ಬತ್ತಿದ ಹಸುವಿನ ಹಾಲಿನಂತೆ ತೊಟ್ಟು ತೊಟ್ಟು. ನೀನು ಹೇಳಿಕೊಟ್ಟಂತೆ ಸ್ಪಂಜನ್ನು ತೊಟ್ಟಿಯ ನೀರಲ್ಲೇ ಹಿಂಡಿ ತೊಳೆದೆ. ಪೈಪು ಎಲ್ಲಿಯೂ ಮಡಚಿರಲಿಲ್ಲ. ಪಂಪು ಬಿಚ್ಚಿ ಒಳಗಿನ ಚಕ್ರ ತಿರುಗಿಸಿದೆ, ಬುಗುರಿಯಂತೆ ತಿರುಗಿತು. ಗಾಳಿ ಸಿಕ್ಕಿಕೊಂಡಿರಬಹುದೆಂದು ಪೈಪಿಗೆ ಬಾಯಿಟ್ಟು ಎಳೆದೆ. ಅರ್ಧ ಲೋಟ ಮೀನಿನ ನೀರು ನನ್ನ ಹೊಟ್ಟೆ ಸೇರಿತು, ಅಷ್ಟೇ.

ಮೀನಿನಂಗಡಿಯವನ ಬಳಿ ಹೋದೆ. ಅವನ ಹಲ್ಲುದುರಿ ಹೋಗಲಿ. ಒಂದು ಪ್ರಶ್ನೆ ಕೇಳಲಿಲ್ಲ, ಮೊಬೈಲಿನಿಂದ ಕಣ್ಣೆತ್ತದೆ “ಪಂಪು ಹೋಯ್ತು ಸಾರ್, ಬದಲಾಯಿಸಿ” ಅಂದ. ಬದಲಾಯಿಸಿದೆ. ಅದೇ ತೊಟ್ಟು. ಶಕ್ತಿ ಸಾಲದು, ಇನ್ನೂ ದೊಡ್ಡದು ಹಾಕಿ ಎಂದ. ಹಾಕಿದೆ. ಅದು ಗೊರಕೆ ಹೊಡೆಯಿತೇ ಹೊರತು ನೀರು ತರಲಿಲ್ಲ. ಆಮೇಲೆ ಫಿಲ್ಟರೇ ಹಳೆಯದೆಂದು ಡಬ್ಬಿ, ಪೈಪು ಸಮೇತ ಹೊಸ ಸೆಟ್ಟನ್ನೇ ನನ್ನ ತಲೆಗೆ ಕಟ್ಟಿದ. ಅದನ್ನು ಜೋಡಿಸುವ ಹೊತ್ತಿಗೆ ಮೇಷ್ಟ್ರು ಒಂದು ಮಗ್ಗುಲಾಗಿ ತೇಲುತ್ತಿದ್ದರು. ನೀರಿಗೆ ಗಾಳಿ ಸೇರಲೆಂದು ನಿನ್ನ ಚಿಕ್ಕಮ್ಮ ಮಗ್ಗಿನಲ್ಲಿ ಮೊಗೆದು ಮೊಗೆದು ಮೇಲಿಂದ ಸುರಿದು ಕೈ ಸೋತು ಕೂತಳು.

ಕೂತಲ್ಲಿಂದಲೇ ಕೇಳಿದಳು: “ಪಂಪು ಹೊಸದು, ಡಬ್ಬಿ ಹೊಸದು, ಪೈಪೂ ಹೊಸದು. ನಿಮ್ಮ ಕಾಲುಚೀಲ ಮಾತ್ರ ಯಾಕ್ರೀ ಹಳೇದು?”

ನಿನಗೆ ತಿಳಿಯದು. ನೀನು ಹಾಸ್ಟೆಲಿಗೆ ಹೋದ ವಾರವೇ ನೀರೆಳೆಯುವ ಪೈಪಿನ ಬಾಯಿಗೆ ಮೇಷ್ಟ್ರ ಬಾಲ ಸಿಕ್ಕಿಕೊಂಡಿತ್ತು. ಪಾಪ ಎಂದು ಆ ಬಾಯಿಗೆ ನನ್ನ ಕಾಲುಚೀಲ ತೊಡಿಸಿ ದಾರ ಬಿಗಿದಿದ್ದೆ (ಒಗೆದದ್ದೇ, ಮೂಗು ಮುಚ್ಚಿಕೊಳ್ಳಬೇಡ). ಹೊಸ ಪೈಪು ಬಂದಾಗಲೂ ಅದನ್ನೇ ಜೋಪಾನವಾಗಿ ಬಿಚ್ಚಿ ತೊಡಿಸಿದ್ದೆ. ಗಿಡಗಳ ಹಿಂದೆ ಅದು ಪಾಚಿ, ಲೋಳೆ ಹಿಡಿದು ಕಂಬಳಿಯಾಗಿತ್ತು. ಕಿತ್ತೆಸೆದದ್ದೇ ತಡ, ದೊಡ್ಡ ಪಂಪು ಮೇಷ್ಟ್ರನ್ನು ಎದುರಿನ ಗಾಜಿಗೆ ಒಗೆಯಿತು. ಹೊಸದನ್ನೆಲ್ಲ ತೆಗೆದು ನಿನ್ನ ಹಳೆಯ ಪಂಪು, ಡಬ್ಬಿ, ಪೈಪನ್ನೇ ಮತ್ತೆ ಕೂರಿಸಿದೆ. ಈಗ ನೆಟ್ಟಗೆ ಈಜುತ್ತಿದ್ದಾರೆ, ಪಾಠವೂ ಶುರುವಾಗಿದೆ.

ಹೊಸ ಸಾಮಾನೆಲ್ಲ ಹೊತ್ತು ಅಂಗಡಿಯವನ ಮುಂದೆ ಕುಕ್ಕಿ, ನಡೆದದ್ದೆಲ್ಲ ಹೇಳಿದೆ. ನೀರು ತಾಕಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವಂತೆ.

“ಕಾಲುಚೀಲ ಕಟ್ಟಿದೀನಿ ಅಂತ ನೀವು ಹೇಳಿದ್ರಾ?” ಅಂದ.

“ನೀನು ಕೇಳಿದ್ಯೇನೋ? ಮೀನು ಸಾಯ್ತಿದೆ ಅಂತ ಮತ್ತೆ ಮತ್ತೆ ಬಂದೆ. ಒಂದ್ಸಲನಾದ್ರೂ ಪೈಪಿನ ಬಾಯಿ ಹೇಗಿದೆ ಅಂದ್ಯಾ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನನ್ನು ನೋಡಿ ನಕ್ಕರೆಂದು ಚಿಕ್ಕಮ್ಮನಿಗೆ ಹೇಳಿದ್ದೇನೆ. ಆ ಬೀದಿಯಲ್ಲಿ ಹೋಗುವಾಗ ಈಗಲೂ ನನ್ನ ಹಲ್ಲು ಕಟಕಟ ಎನ್ನುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು ಮಗಳೇ. ಸೂಜಿ ಚುಚ್ಚುವ ಮೊದಲು ರೋಗಿಯನ್ನು ನಾಲ್ಕು ಮಾತು ಕೇಳು, ಆ ದರಿದ್ರದವನಂತಾಗಬೇಡ. ನಿನ್ನ ಕೈಗುಣ ಊರಿಗೆಲ್ಲ ಹೆಸರಾಗಲಿ.

ನಿನ್ನ
ಚಿಕ್ಕಪ್ಪ

ಮರೆತ ಮಾತು: ಅಂಚೆಯವನು ಡಬ್ಬಿ ತೆರೆಯುವ ಹೊತ್ತಾಯಿತು, ಗೀಚುತ್ತಿದ್ದೇನೆ. ನಿನ್ನನ್ನು ಬಸ್ಸು ಹತ್ತಿಸುವಾಗ ಸ್ಕೂಟರ್ ಕೊಡಿಸುತ್ತೇನೆಂದು ಎಲ್ಲರೆದುರು ಎದೆ ತಟ್ಟಿದ್ದೆನಲ್ಲ, ಅದರ ಮುಂಗಡಕ್ಕೆಂದು ಇಟ್ಟ ದುಡ್ಡೇ ಆ ಅಂಗಡಿಗೆ ಹೋದದ್ದು. ರಜೆಗೆ ಬಂದಾಗ ಬಾಗಿಲಲ್ಲಿ ಹುಡುಕಬೇಡ. ನಿನ್ನಪ್ಪನಿಗೆ ಎಂಟುನೂರು ಎಂದಿದ್ದೇನೆ, ಚಿಕ್ಕಮ್ಮನಿಗೆ ಎರಡು ಸಾವಿರ. ನಿನ್ನ ಹತ್ತಿರ ಸುಳ್ಳು ಬರುವುದಿಲ್ಲ. ಹನ್ನೊಂದು ಸಾವಿರದ ನಾನೂರು.